ತಾತನ ಗಾಡಿಯ ಗಾಲಿ ಕಂಪ್ಯೂಟರಿನಲ್ಲಿ ತಿರುಗಿದ್ದು ಹೇಗೆ?



ಫೋನಿನಲ್ಲಿ ಕುಣಿಯುವ ಸಣ್ಣ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ದೀಪಾವಳಿಗೆ ದೀಪ ಮಿಣಮಿಣ ಅನ್ನುತ್ತೆ, ಯುಗಾದಿಗೆ ಮಾವಿನ ತೋರಣ ಅಲ್ಲಾಡುತ್ತೆ, ಬೆಕ್ಕೊಂದು ತಲೆ ಅಲ್ಲಾಡಿಸುತ್ತಲೇ ಇರುತ್ತೆ. ಎಷ್ಟು ಹೊತ್ತು ನೋಡಿದರೂ ಮುಗಿಯೋದಿಲ್ಲ. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು. ಗಾಣದ ಎತ್ತು ಸುತ್ತಿದ ಹಾಗೆ. ಇಂಥ ಚಿತ್ರಕ್ಕೆ ಜಿಫ್ ಅಂತ ಹೆಸರು. ಇದನ್ನು ನಾವೇ ಮಾಡಬಹುದು. ನಾನು ಮಾಡಿದ್ದೇನೆ. ಎರಡು ಸಲ ಕೆಟ್ಟು, ಮೂರನೇ ಸಲ ಸರಿಯಾಯಿತು. ಆ ಕತೆಯನ್ನೂ ಅದರ ಲೆಕ್ಕವನ್ನೂ ಈ ಲೇಖನದಲ್ಲಿ ಬರೆದಿದ್ದೇನೆ.

ನಾನು ಇದಕ್ಕೆ ಕೈ ಹಾಕಿದ್ದು ಯಾಕೆ?

ನಮ್ಮ ಮನೆ ಹಿತ್ತಲಲ್ಲಿ ತಾತನ ಎತ್ತಿನಗಾಡಿ ನಿಂತಿತ್ತು. ಜಾಲಿ ಮರದ ಗಾಲಿ, ಸುತ್ತ ಕಬ್ಬಿಣದ ಪಟ್ಟಿ. ಎತ್ತು ಮಾರಿ ಬಹಳ ವರ್ಷ ಆಯಿತು. ಈಗ ಗೊಬ್ಬರ, ರಾಗಿ ಎಲ್ಲ ಟ್ರ್ಯಾಕ್ಟರಿನಲ್ಲೇ ಹೋಗುತ್ತೆ. ಗಾಡಿ ಮೇಲೆ ಕೋಳಿ ಕೂರುತ್ತಿದ್ದವು, ಅಷ್ಟೆ. ಪಟ್ಟಣದಿಂದ ಹಳೇ ಸಾಮಾನು ಕೊಳ್ಳುವವರು ಬಂದು, ಗಾಲಿಗಳನ್ನು ಒಂದು ಹೋಟೆಲಿನ ಅಂಗಳದಲ್ಲಿ ಅಲಂಕಾರಕ್ಕೆ ಇಡೋಕೆ ಕೇಳಿದರು. ಅಪ್ಪ ಒಪ್ಪಿಕೊಂಡರು. ಹತ್ತು ದಿನ ಬಿಟ್ಟು ಭಾನುವಾರ ತಗೊಂಡು ಹೋಗೋದು ಅಂತ ಮಾತಾಯಿತು. ತಾತ ಏನೂ ಹೇಳಲಿಲ್ಲ. ಸಂಜೆ ಹೋಗಿ ಗಾಲಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಆಗ ನನಗೆ ಅನಿಸಿದ್ದು: ಗಾಲಿ ಹೋದರೂ ಅದು ತಿರುಗೋದನ್ನು ಮಾತ್ರ ಉಳಿಸಿಕೊಳ್ಳಬೇಕು. ನಿಂತ ಫೋಟೋ ಬೇಡ. ಗಾಲಿ ಅಂದಮೇಲೆ ತಿರುಗಬೇಕು. ನಮ್ಮ ಕಂಪ್ಯೂಟರ್ ಮೇಡಂನ ಕೇಳಿದೆ. “ಜಿಫ್ ಮಾಡೋಣ, ಗಾಲಿಗೆ ಅದೇ ಸರಿ” ಅಂದ್ರು.

ಜಿಫ್ ಅಂದರೇನು?

ಗ್ರಾಫಿಕ್ಸ್ ಇಂಟರ್‌ಚೇಂಜ್ ಫಾರ್ಮ್ಯಾಟ್ ಅನ್ನೋ ಮೂರು ಪದಗಳ ಮೊದಲಕ್ಷರಗಳನ್ನು ಸೇರಿಸಿ ಈ ಹೆಸರು ಮಾಡಿದ್ದಾರೆ. ಅಮೆರಿಕದ ಕಂಪ್ಯುಸರ್ವ್ ಎಂಬ ಕಂಪನಿ 1987ರಲ್ಲಿ ಇದನ್ನು ಹೊರತಂದಿತು. ಆ ಕೆಲಸ ಮಾಡಿದ ತಂಡದ ಮುಖ್ಯಸ್ಥರು ಸ್ಟೀವ್ ವಿಲ್‌ಹೈಟ್. ಆಗಿನ ಕಾಲದಲ್ಲಿ ಟೆಲಿಫೋನ್ ತಂತಿಯ ಮೂಲಕ ಚಿತ್ರ ಕಳಿಸಬೇಕಿತ್ತು. ಅದು ಬಹಳ ನಿಧಾನ. ಹಾಗಾಗಿ ಚಿತ್ರವನ್ನು ಮಡಿಸಿ ಸಣ್ಣದು ಮಾಡಿ ಕಳಿಸುವ ದಾರಿ ಬೇಕಾಗಿತ್ತು. ಅದಕ್ಕಾಗಿ ಹುಟ್ಟಿದ್ದು ಜಿಫ್. 1989ರಲ್ಲಿ ಇದನ್ನು ಸುಧಾರಿಸಿ, ಒಂದೊಂದು ಚಿತ್ರವೂ ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳುವ ಅನುಕೂಲ ಸೇರಿಸಿದರು. ಆ ಹೊತ್ತನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಬರೆಯುತ್ತಾರೆ. 10 ಅಂತ ಬರೆದರೆ ಸೆಕೆಂಡಿನ ಹತ್ತನೇ ಒಂದು ಭಾಗ.

ಆದರೆ ಮುಗಿದ ಮೇಲೆ ಮತ್ತೆ ಮೊದಲಿಂದ ಶುರುಮಾಡು ಅನ್ನೋ ಮಾತು ಅದರಲ್ಲಿ ಇರಲಿಲ್ಲ. ಅದನ್ನು ಸೇರಿಸಿದ್ದು ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಎಂಬ ಬ್ರೌಸರ್ ಮಾಡಿದವರು, 1995-96ರ ಸುಮಾರಿಗೆ. ಎಷ್ಟು ಸಲ ತಿರುಗಬೇಕು ಅನ್ನೋ ಜಾಗದಲ್ಲಿ ಸೊನ್ನೆ ಬರೆದರೆ ಕೊನೆಯೇ ಇಲ್ಲದೆ ತಿರುಗುತ್ತೆ. ಸೊನ್ನೆ ಅಂದರೆ ಇಲ್ಲಿ ‘ಇಲ್ಲ’ ಅಂತ ಅಲ್ಲ, ‘ನಿಲ್ಲಬೇಡ’ ಅಂತ! ಆ ಬ್ರೌಸರ್ ಈಗ ಯಾರೂ ಬಳಸೋದಿಲ್ಲ. ಆದರೆ ಇವತ್ತಿಗೂ ನಿಲ್ಲದೆ ತಿರುಗುವ ಜಿಫ್ ಒಳಗೆ ನೆಟ್‌ಸ್ಕೇಪ್ ಅನ್ನೋ ಹೆಸರು ಕೂತಿರುತ್ತೆ.

ನಿಮಗೆ ಗೊತ್ತೇ? ಇದನ್ನು ಜಿಫ್ ಅನ್ನಬೇಕೋ ಗಿಫ್ ಅನ್ನಬೇಕೋ ಅಂತ ಪ್ರಪಂಚದಲ್ಲೆಲ್ಲ ಜಗಳ ಇದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಒಂದೇ ಅಕ್ಷರ, ಹೇಗೆ ಬೇಕಾದರೂ ಓದಬಹುದು. ಕನ್ನಡದಲ್ಲಿ ಬರೆದ ಹಾಗೇ ಓದಬೇಕಲ್ಲ, ಅದಕ್ಕೆ ನಾವು ಒಂದನ್ನು ಆರಿಸಲೇಬೇಕು. 2013ರಲ್ಲಿ ಪ್ರಶಸ್ತಿ ತೆಗೆದುಕೊಂಡಾಗ ವಿಲ್‌ಹೈಟ್ ಅವರೇ ಇದು ‘ಜಿಫ್’ ಅಂತ ಪರದೆ ಮೇಲೆ ತೋರಿಸಿದರು. ಅವರು 2022ರಲ್ಲಿ ತೀರಿಕೊಂಡರು. ಹೆಸರಿಟ್ಟವರ ಮಾತಿಗೆ ಮರ್ಯಾದೆ ಕೊಟ್ಟು ನಾನೂ ಜಿಫ್ ಅಂತಲೇ ಬರೆದಿದ್ದೇನೆ.

ನಿಂತ ಚಿತ್ರ ಚಲಿಸಿದ ಹಾಗೆ ಕಾಣೋದು ಯಾಕೆ?

ಜಿಫ್ ಒಳಗೆ ಯಾವ ಚಿತ್ರವೂ ಚಲಿಸೋದಿಲ್ಲ. ಎಲ್ಲಾ ನಿಂತ ಚಿತ್ರಗಳೇ. ಒಂದಾದ ಮೇಲೆ ಒಂದು ಬೇಗ ಬೇಗ ಬರುತ್ತೆ. ಎರಡು ಚಿತ್ರದ ನಡುವಿನ ಸಣ್ಣ ವ್ಯತ್ಯಾಸವನ್ನು ನಮ್ಮ ಮಿದುಳು ‘ಇದು ಇಲ್ಲಿಂದ ಅಲ್ಲಿಗೆ ಸರಿಯಿತು’ ಅಂತ ಜೋಡಿಸಿಕೊಳ್ಳುತ್ತೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ನಮ್ಮ ಜಿಫ್‌ಗೆ ಸೆಕೆಂಡಿಗೆ 10 ಇದ್ದರೂ ಸಾಕು.

ಇದು ಕಂಪ್ಯೂಟರಿಗಿಂತ ಬಹಳ ಹಳೆಯ ವಿದ್ಯೆ. 1832ರಲ್ಲೇ ಬೆಲ್ಜಿಯಂ ದೇಶದ ಜೋಸೆಫ್ ಪ್ಲೇಟೋ ಎಂಬ ವಿಜ್ಞಾನಿ ರಟ್ಟಿನ ಬಿಲ್ಲೆ ಮೇಲೆ ಸುತ್ತಲೂ ಚಿತ್ರ ಬರೆದು, ಅದನ್ನು ತಿರುಗಿಸಿ ಚಲನೆ ತೋರಿಸಿದರು. ಬಿಲ್ಲೆ ದುಂಡಗಿರೋದರಿಂದ ಅದಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಹಾಗಾಗಿ ಜಿಫ್‌ನ ಮುತ್ತಾತ ಅದೇ ಅನ್ನಬಹುದು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಫೋಟೋಗ್ರಾಫರ್ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು ಓಡುವ ಕುದುರೆಯ ಫೋಟೋ ತೆಗೆದರು. ಓಡುವಾಗ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವ ಕ್ಷಣ ಇದೆ ಅನ್ನೋದು ಆ ಫೋಟೋಗಳಲ್ಲಿ ಕಂಡಿತು. ಬರಿಗಣ್ಣಿಗೆ ಅದು ಗೊತ್ತಾಗುತ್ತಿರಲಿಲ್ಲ.

ಮೊದಲನೇ ಸಲ: ಗಾಲಿ ನಿಂತೇಬಿಟ್ಟಿತು!

ಶನಿವಾರ ಮಧ್ಯಾಹ್ನ ನಾನು, ತಮ್ಮ, ಪಕ್ಕದ ಮನೆ ಗೆಳೆಯ ಸೇರಿ ಗಾಡಿ ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಒಂದು ಗಾಲಿ ನೆಲದಿಂದ ನಾಲ್ಕು ಬೆರಳು ಮೇಲೆ ಇರುವ ಹಾಗೆ ಮಾಡಿದೆವು. ತಾತ ಬಂದು ಕಡಾಣಿ ನೋಡಿ, ಅಚ್ಚಿಗೆ ಎಣ್ಣೆ ಬಿಟ್ಟರು. ಅಪ್ಪನ ಫೋನನ್ನು ಸ್ಟೂಲಿಗೆ ದಾರದಿಂದ ಕಟ್ಟಿದೆವು.

ಗಾಲಿಯ ನಡುವಿನಿಂದ ಅಂಚಿಗೆ ಹೋಗುವ ಮರದ ಕಾಲುಗಳಿಗೆ ಅರ ಅಂತಾರೆ. ನಮ್ಮ ಗಾಲಿಗೆ 12 ಅರ. ಅದರಲ್ಲಿ ಒಂದು ಮಾತ್ರ ಬಿಳಿ. ಹಿಂದೆ ಒಂದು ಸಲ ಹಳ್ಳ ದಾಟುವಾಗ ಮುರಿದು, ತಾತನೇ ಬೇರೆ ಮರದಲ್ಲಿ ಕೆತ್ತಿ ಕೂರಿಸಿದ್ದಂತೆ. ನಾವು ಸುಲಭ ಅಂತ ಒಂದೊಂದೇ ಅರವನ್ನು ತುದಿಗೆ ತಂದು ಒಂದೊಂದು ಫೋಟೋ ತೆಗೆದೆವು. ಒಟ್ಟು 12 ಫೋಟೋ.

ಸೋಮವಾರ ಕಂಪ್ಯೂಟರಿಗೆ ಹಾಕಿ ನೋಡಿದರೆ ಗಾಲಿ ತಿರುಗಲೇ ಇಲ್ಲ! ಬಿಳಿ ಅರ ಒಂದೇ ಗಡಿಯಾರದ ಮುಳ್ಳಿನ ಹಾಗೆ ಹಾರಿ ಹಾರಿ ಸುತ್ತಿತು. ಮಿಕ್ಕಿದ್ದೆಲ್ಲ ಗಟ್ಟಿಯಾಗಿ ನಿಂತಿತ್ತು. ಎಲ್ಲರೂ ನಕ್ಕರು. ಇನ್ನೊಂದು ತಪ್ಪೂ ಕಂಡಿತು. ಬಿಸಿಲಲ್ಲಿ ಒಂದು ಗಂಟೆ ಹೊತ್ತು ಫೋಟೋ ತೆಗೆದಿದ್ದರಿಂದ ಗಾಲಿಯ ನೆರಳು ಸರಿದುಹೋಗಿತ್ತು. ಕೊನೇ ಚಿತ್ರದಿಂದ ಮೊದಲ ಚಿತ್ರಕ್ಕೆ ಬಂದಾಗ ನೆರಳು ದಢಕ್ಕನೆ ಹಿಂದಕ್ಕೆ ಜಿಗಿಯುತ್ತಿತ್ತು.

ಎರಡನೇ ಸಲ: ಗಾಲಿ ನಡುಗಿತು

ಬುಧವಾರ ಮನೆ ನೆರಳು ಬಿದ್ದ ಮೇಲೆ, ಎರಡು ಅರಗಳ ಮಧ್ಯದಲ್ಲೂ ಒಂದು ಫೋಟೋ ತೆಗೆದೆವು. ಒಟ್ಟು 24 ಆಯಿತು. ಗುರುವಾರ ನೋಡಿದರೆ ಗಾಲಿಗೆ ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಮುಂದಕ್ಕೆ ಹೋಗುತ್ತೋ ಹಿಂದಕ್ಕೆ ಹೋಗುತ್ತೋ ಗೊತ್ತಾಗಲಿಲ್ಲ. ನನಗೆ ಅಳು ಬಂತು. ಭಾನುವಾರಕ್ಕೆ ಮೂರೇ ದಿನ ಉಳಿದಿತ್ತು.

ಲೆಕ್ಕದ ಮೇಷ್ಟ್ರ ಹತ್ತಿರ ಹೋದೆ. ಅವರು ಬೋರ್ಡಿನ ಮೇಲೆ ವೃತ್ತ ಎಳೆದು ಹೇಳಿದ್ದು ಹೀಗೆ:

“ಪೂರ್ತಿ ಸುತ್ತು 360 ಡಿಗ್ರಿ. 12 ಅರ ಇದ್ದರೆ ಒಂದರಿಂದ ಇನ್ನೊಂದಕ್ಕೆ 30 ಡಿಗ್ರಿ. ಅರಗಳೆಲ್ಲ ಒಂದೇ ಥರ ಇದ್ದರೆ ಯಾವುದು ಯಾವುದು ಅಂತ ಮಿದುಳಿಗೆ ಗೊತ್ತಾಗೋಲ್ಲ. ಮುಂದಿನ ಚಿತ್ರದಲ್ಲಿ ಯಾವ ಅರ ಹತ್ತಿರ ಇದೆಯೋ ಅದೇ ಇದು ಅಂದುಕೊಳ್ಳುತ್ತೆ.”

ಈಗ ನಾವೇ ಲೆಕ್ಕ ಹಾಕೋಣ.

ಒಂದು ಚಿತ್ರಕ್ಕೆ 30 ಡಿಗ್ರಿ ತಿರುಗಿಸಿದರೆ: ಒಂದು ಅರ ಇದ್ದ ಜಾಗಕ್ಕೆ ಇನ್ನೊಂದು ಸರಿಯಾಗಿ ಬಂದು ಕೂರುತ್ತೆ. ಗಾಲಿ ನಿಂತ ಹಾಗೆ ಕಾಣುತ್ತೆ. ಇದು ನಮ್ಮ ಮೊದಲ ತಪ್ಪು.

15 ಡಿಗ್ರಿ ತಿರುಗಿಸಿದರೆ: ಮುಂದೆಯೂ 15, ಹಿಂದೆಯೂ 15. ಎರಡೂ ಒಂದೇ ದೂರ. ಮಿದುಳಿಗೆ ಗೊಂದಲ. ಇದು ಎರಡನೇ ತಪ್ಪು.

20 ಡಿಗ್ರಿ ತಿರುಗಿಸಿದರೆ: ಮುಂದಕ್ಕೆ 20, ಹಿಂದಕ್ಕೆ ಬರೀ 10. ಹತ್ತಿರದ್ದೇ ಗೆಲ್ಲುತ್ತೆ. ಗಾಲಿ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತೆ! ಸಿನಿಮಾದಲ್ಲಿ ಗಾಡಿ ಮುಂದಕ್ಕೆ ಓಡುವಾಗ ಚಕ್ರ ಹಿಂದಕ್ಕೆ ತಿರುಗೋದು ನೋಡಿಲ್ಲವೇ? ಕಾರಣ ಇದೇ.

10 ಡಿಗ್ರಿ ತಿರುಗಿಸಿದರೆ: ಮುಂದಕ್ಕೆ 10, ಹಿಂದಕ್ಕೆ 20. ಸರಿಯಾಗಿ ಮುಂದಕ್ಕೆ ಹೋಗುತ್ತೆ.

ಅಂದರೆ ಎರಡು ಅರಗಳ ನಡುವಿನ ದೂರದ ಅರ್ಧಕ್ಕಿಂತ ಕಡಿಮೆ ತಿರುಗಿಸಬೇಕು. ಇದೇ ಇಡೀ ಲೇಖನದ ಮುಖ್ಯ ಸೂತ್ರ.

ಇನ್ನೊಂದು ಮಜಾ ಇದೆ. ಎಲ್ಲಾ ಅರ ಒಂದೇ ಬಣ್ಣ ಇದ್ದಿದ್ದರೆ 0, 10, 20 ಡಿಗ್ರಿಯ ಮೂರೇ ಫೋಟೋ ಸಾಕಾಗಿತ್ತು. 30ನೇ ಡಿಗ್ರಿಗೆ ಗಾಲಿ ಮೊದಲಿನ ಹಾಗೇ ಕಾಣೋದರಿಂದ ಅದನ್ನೇ ಸುತ್ತಿಸಬಹುದು. ಆದರೆ ತಾತನ ಬಿಳಿ ಅರ ಇದೆಯಲ್ಲ! ಅದು ಪೂರ್ತಿ ಸುತ್ತಿ ಬರಬೇಕು. ಅದಕ್ಕೆ 360ನ್ನು 10ರಿಂದ ಭಾಗಿಸಿದರೆ 36 ಫೋಟೋ. “ಕಂಪ್ಯೂಟರಿನಲ್ಲಿ ಆ ಬಿಳಿ ಅರಕ್ಕೆ ಬಣ್ಣ ಬಳಿದುಬಿಡೋಣ, ಮೂರೇ ಫೋಟೋದಲ್ಲಿ ಮುಗಿಯುತ್ತೆ” ಅಂತ ಗೆಳೆಯ ಹೇಳಿದ. ನಾನು ಒಪ್ಪಲಿಲ್ಲ. ಆ ಅರ ಇಲ್ಲದಿದ್ದರೆ ಅದು ಯಾರ ಗಾಲಿ ಬೇಕಾದರೂ ಆಗಬಹುದು. ನಮ್ಮದು ಅಲ್ಲ.

ಮೂರನೇ ಸಲ

ಶನಿವಾರ ಸಂಜೆ. ಎರಡು ಅರಗಳ ನಡುವಿನ ಅಂಚನ್ನು ದಾರದಿಂದ ಅಳೆದೆವು. ಹನ್ನೆರಡೂವರೆ ಇಂಚು ಬಂತು. ಆ ದಾರವನ್ನೇ ಮೂರು ಮಡಿಕೆ ಮಾಡಿ, ಗಾಲಿಯ ಹಿಂದಿನ ಬದಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಹೋದೆವು. ನೆಲಕ್ಕೆ ಒಂದು ಕೋಲು ನೆಟ್ಟು, ಒಂದೊಂದು ಗುರುತೂ ಕೋಲಿನ ನೇರಕ್ಕೆ ಬಂದಾಗ ಒಂದೊಂದು ಫೋಟೋ. ತಮ್ಮ ಗಾಲಿ ತಿರುಗಿಸೋನು, ಗೆಳೆಯ ಗುರುತು ನೋಡೋನು, ನಾನು ಫೋಟೋ ತೆಗೆಯೋನು. ಕತ್ತಲಾಗುವ ಮುಂಚೆ 36 ಮುಗಿಸಿದೆವು.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಲಗೇಜ್ ಆಟೋ ಬಂತು. ಎರಡೂ ಗಾಲಿ ಹೋದವು. ಸೋಮವಾರದವರೆಗೆ ನನಗೆ ಒಂದೇ ಭಯ. ಈ ಸಲವೂ ಕೆಟ್ಟಿದ್ದರೆ ಮತ್ತೆ ತೆಗೆಯೋಕೆ ಗಾಲಿಯೇ ಇಲ್ಲವಲ್ಲ!

ಕಂಪ್ಯೂಟರಿನಲ್ಲಿ ಮಾಡುವ ವಿಧಾನ

ನಮ್ಮ ಶಾಲೆ ಕಂಪ್ಯೂಟರಿನಲ್ಲಿ ಗಿಂಪ್ ಎಂಬ ಚಿತ್ರದ ಸಾಫ್ಟ್‌ವೇರ್ ಇದೆ. ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು.

1. ಫೈಲ್ ಪಟ್ಟಿಯಲ್ಲಿ ‘ಓಪನ್ ಆಸ್ ಲೇಯರ್ಸ್’ ಒತ್ತಿ ಎಲ್ಲಾ ಫೋಟೋ ಆರಿಸಬೇಕು. ಅವು ಹಪ್ಪಳ ಜೋಡಿಸಿದ ಹಾಗೆ ಒಂದರ ಮೇಲೊಂದು ಕೂರುತ್ತವೆ. ಎಲ್ಲಕ್ಕಿಂತ ಕೆಳಗಿರೋದೇ ಮೊದಲ ಚಿತ್ರ.

2. ಇಮೇಜ್ ಪಟ್ಟಿಯಲ್ಲಿ ‘ಸ್ಕೇಲ್ ಇಮೇಜ್’ ಒತ್ತಿ ಚಿತ್ರ ಸಣ್ಣದು ಮಾಡಬೇಕು. ನಾವು ಅಗಲ 320, ಎತ್ತರ 240 ಇಟ್ಟೆವು.

3. ಫಿಲ್ಟರ್ಸ್ ಪಟ್ಟಿಯ ‘ಅನಿಮೇಶನ್’ ಒಳಗೆ ‘ಪ್ಲೇಬ್ಯಾಕ್’ ಒತ್ತಿ ಹೇಗೆ ಓಡುತ್ತೆ ಅಂತ ನೋಡಬೇಕು.

4. ಇಮೇಜ್ ಪಟ್ಟಿಯ ‘ಮೋಡ್’ ಒಳಗೆ ‘ಇಂಡೆಕ್ಸ್‌ಡ್’ ಆರಿಸಿ ಎಷ್ಟು ಬಣ್ಣ ಬೇಕು ಅಂತ ಹೇಳಬೇಕು. ನಾವು 64 ಕೊಟ್ಟೆವು.

5. ‘ಅನಿಮೇಶನ್’ ಒಳಗೇ ‘ಆಪ್ಟಿಮೈಸ್ ಫಾರ್ ಜಿಫ್’ ಒತ್ತಬೇಕು. ಬದಲಾದ ಭಾಗ ಮಾತ್ರ ಉಳಿದು, ಬದಲಾಗದ್ದು ಬಿಟ್ಟುಹೋಗುತ್ತೆ.

6. ‘ಎಕ್ಸ್‌ಪೋರ್ಟ್ ಆಸ್’ ಒತ್ತಿ, ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಜಿ, ಐ, ಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆಯಬೇಕು. ಆಮೇಲೆ ‘ಆಸ್ ಅನಿಮೇಶನ್’, ‘ಲೂಪ್ ಫಾರೆವರ್’ ಎರಡಕ್ಕೂ ಗುರುತು ಹಾಕಿ, ನಿಲ್ಲುವ ಹೊತ್ತು 100 ಮಿಲಿಸೆಕೆಂಡ್ ಅಂತ ಕೊಡಬೇಕು.

36 ಚಿತ್ರ, ಒಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಂದರೆ 3.6 ಸೆಕೆಂಡಿಗೆ ಒಂದು ಸುತ್ತು.

ಚಿತ್ರ ಯಾಕೆ ಸಣ್ಣದು ಮಾಡಬೇಕು?

ಫೋನಿನ ಫೋಟೋ ಒಂದಕ್ಕೆ ಅಗಲ 4000, ಎತ್ತರ 3000 ಚುಕ್ಕಿ. ಗುಣಿಸಿದರೆ 1 ಕೋಟಿ 20 ಲಕ್ಷ. ಇಂಥವು 36 ಅಂದರೆ 43 ಕೋಟಿ 20 ಲಕ್ಷ ಚುಕ್ಕಿ. ಇದನ್ನು ಯಾರ ಫೋನಿಗೂ ಕಳಿಸೋಕಾಗಲ್ಲ. 320 ಅಗಲ, 240 ಎತ್ತರ ಮಾಡಿದರೆ ಒಂದಕ್ಕೆ 76,800 ಚುಕ್ಕಿ, 36ಕ್ಕೆ 27,64,800. ಅಗಲ ಎತ್ತರ ಎರಡನ್ನೂ ಅರ್ಧ ಮಾಡಿದರೆ ತೂಕ ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ. ಇದನ್ನು ನೆನಪಿಡಿ.

ಜಿಫ್‌ನಲ್ಲಿ ಒಂದು ಚಿತ್ರಕ್ಕೆ ಹೆಚ್ಚೆಂದರೆ 256 ಬಣ್ಣ. ಬಣ್ಣದ ಪೆಟ್ಟಿಗೆಯಲ್ಲಿ ಅಷ್ಟೇ ಕಡ್ಡಿ ಇದ್ದ ಹಾಗೆ. ಆಕಾಶ, ಮುಖ ಇಂಥವು ಸ್ವಲ್ಪ ಒರಟಾಗಿ ಕಾಣೋದು ಅದಕ್ಕೇ. ರೇಖಾಚಿತ್ರ, ರಂಗೋಲಿ, ಅಕ್ಷರ ಇವಕ್ಕೆ ಜಿಫ್ ಬಹಳ ಚೆನ್ನ.

ಜಿಫ್ ಮಡಿಸುವ ಉಪಾಯ ನಮ್ಮ ಭಜನೆ ಪುಸ್ತಕದಲ್ಲೇ ಇದೆ. ಪಲ್ಲವಿಯನ್ನು ಮೊದಲು ಒಂದು ಸಲ ಪೂರ್ತಿ ಬರೆದು, ಆಮೇಲೆ ಪ್ರತಿ ಚರಣದ ಕೊನೆಗೆ ಬರೀ ‘ಪ’ ಅಂತ ಹಾಕಿರುತ್ತಾರಲ್ಲ? ಹಾಗೆಯೇ ಒಂದು ಸಲ ಬಂದ ಬಣ್ಣದ ಸಾಲಿಗೆ ಒಂದು ನಂಬರ್ ಕೊಟ್ಟು, ಮತ್ತೆ ಅದೇ ಸಾಲು ಬಂದಾಗ ನಂಬರ್ ಮಾತ್ರ ಬರೆಯುತ್ತೆ. ಆದ್ದರಿಂದ ಹಿನ್ನೆಲೆ ಸಾದಾ ಇದ್ದಷ್ಟೂ ಜಿಫ್ ಹಗುರ. ಕ್ಯಾಮೆರಾ ಅಲ್ಲಾಡಲೂಬಾರದು. ಅಲ್ಲಾಡಿದರೆ ಗೋಡೆಯೂ ‘ಬದಲಾಯಿತು’ ಅಂತ ಲೆಕ್ಕ, ಎಲ್ಲವನ್ನೂ ಮತ್ತೆ ಬರೆಯಬೇಕು.

ತಾತ ಏನಂದ್ರು?

ಸೋಮವಾರ ಗಾಲಿ ತಿರುಗಿತು! ಬಿಳಿ ಅರ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಚೆನ್ನಾಗಿ ಸುತ್ತಿತು. ಒಂದು ಚಿತ್ರದಲ್ಲಿ ಮಾತ್ರ ನಮಗೆ ಗೊತ್ತಾಗದ ಹಾಗೆ ಹಿಂದೆ ಕೋಳಿ ಬಂದುಬಿಟ್ಟಿದೆ. ಪ್ರತಿ ಸುತ್ತಿಗೂ ಒಂದು ಸಲ ಕೋಳಿ ಮಿಂಚಿ ಮಾಯ ಆಗುತ್ತೆ. ತೆಗೆಯಬಹುದಿತ್ತು, ತೆಗೆಯಲಿಲ್ಲ.

ಮನೆಗೆ ಹೋಗಿ ಫೋನಿನಲ್ಲಿ ತಾತನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. “ಸದ್ದು ಎಲ್ಲೋ ಮಗಾ?” ಅಂದ್ರು. ಜಿಫ್‌ನಲ್ಲಿ ಸದ್ದು ಇರೋದಿಲ್ಲ ತಾತ, ಬರೀ ಚಿತ್ರ ಅಂದೆ. “ಎಣ್ಣೆ ಬಿಟ್ಟಿದ್ದೀನಲ್ಲ, ಅದಕ್ಕೇ ಸದ್ದಿಲ್ಲ ಬಿಡು” ಅಂತ ನಕ್ಕರು. ಈಗ ದಿನಾ ರಾತ್ರಿ ಊಟ ಆದಮೇಲೆ “ಗಾಲಿ ಹಾಕೋ” ಅಂತಾರೆ.

ಎಚ್ಚರಿಕೆಯ ಎರಡು ಮಾತು

ಮೊದಲನೆಯದು: ಬೆಳಕು ಬೇಗ ಬೇಗ ಹತ್ತಿ ಆರುವ ಚಿತ್ರ ಮಾಡಬೇಡಿ. ಕೆಲವರಿಗೆ ಅದರಿಂದ ಮೂರ್ಛೆ ಬರುತ್ತೆ. 1997ರ ಡಿಸೆಂಬರಿನಲ್ಲಿ ಜಪಾನಿನ ಟೀವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಬೇಗ ಬೇಗ ಬದಲಾಗಿ, ಆರುನೂರಕ್ಕೂ ಹೆಚ್ಚು ಜನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಅವರಲ್ಲಿ ಬಹಳ ಜನ ಮಕ್ಕಳೇ. ಒಂದು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು ಅಂತ ವೆಬ್‌ಸೈಟ್ ಮಾಡುವವರಿಗೆ ನಿಯಮ ಇದೆ.

ಎರಡನೆಯದು: ಯಾರಾದರೂ ಬಿದ್ದಿದ್ದನ್ನೋ ಅತ್ತಿದ್ದನ್ನೋ ಜಿಫ್ ಮಾಡಿ ಕಳಿಸಬೇಡಿ. ನಿಜವಾಗಿ ಅವರು ಒಂದು ಸಲ ಬಿದ್ದಿರುತ್ತಾರೆ. ಜಿಫ್‌ನಲ್ಲಿ ಬೀಳುತ್ತಲೇ ಇರುತ್ತಾರೆ.

ಕಂಪ್ಯೂಟರ್ ಇಲ್ಲದೆ ಮಾಡಿ ನೋಡಿ

ನಮ್ಮ ಗೋಡೆ ಪತ್ರಿಕೆ ಅಲ್ಲಾಡೋದಿಲ್ಲ. ಅದಕ್ಕೆ ಈ ಹಾಳೆ ಕೆಳಗಿನ ಮೊಳೆಗೆ ಒಂದು ರಟ್ಟಿನ ಬಿಲ್ಲೆ ತೂಗುಹಾಕಿದ್ದೇನೆ. ಪ್ಲೇಟೋ ಅವರ ಬಿಲ್ಲೆ ಹಾಗೆಯೇ. ಅಂಚಿನಲ್ಲಿ 12 ಸೀಳು, ಒಳಗೆ ಜೋಕಾಲಿ ಆಡುವ ಹುಡುಗಿಯ 12 ಚಿತ್ರ. ನಿಜವಾಗಿ ಬೇರೆ ಬೇರೆ ಚಿತ್ರ 7 ಮಾತ್ರ. 1ರಿಂದ 7ರವರೆಗೆ ಹೋಗಿ, 6ರಿಂದ 2ರವರೆಗೆ ವಾಪಸ್ ಬರುತ್ತೆ. ಕೊನೆಗೆ ಮತ್ತೆ 1 ಬರೆಯಬಾರದು. ಬರೆದರೆ ಒಂದೇ ಚಿತ್ರ ಎರಡು ಸಲ ಬಂದು ಜೋಕಾಲಿ ಅಲ್ಲಿ ತಡೆದು ನಿಂತ ಹಾಗಾಗುತ್ತೆ. ಜೋಕಾಲಿ ಎರಡು ತುದಿಯಲ್ಲಿ ನಿಧಾನ, ನಡುವೆ ಜೋರು. ಅದಕ್ಕೆ ತುದಿಯ ಚಿತ್ರಗಳನ್ನು ಹತ್ತಿರ ಹತ್ತಿರ, ನಡುವಿನವನ್ನು ದೂರ ದೂರ ಬರೆದಿದ್ದೇನೆ.

ಬಿಲ್ಲೆಯ ನಡುವೆ ಪೆನ್ಸಿಲ್ ಸಿಕ್ಕಿಸಿ, ಚಿತ್ರದ ಬದಿ ಕನ್ನಡಿಗೆ ಹಿಡಿದು, ಹಿಂದಿನಿಂದ ಸೀಳಿನಲ್ಲಿ ನೋಡುತ್ತಾ ತಿರುಗಿಸಿ. ಕನ್ನಡಿ ಹೆಡ್‌ಮಾಸ್ಟರ್ ಕೊಠಡಿ ಹೊರಗಿದೆ. ನೋಡಿ ಆದಮೇಲೆ ದಯವಿಟ್ಟು ಮೊಳೆಗೇ ಹಾಕಿ.

ಪ್ರಶ್ನೆ: ನಮ್ಮ ತರಗತಿಯ ಫ್ಯಾನಿಗೆ ಒಂದೇ ಥರದ ಮೂರು ರೆಕ್ಕೆ ಇವೆ. ಚಿತ್ರಕ್ಕೆ 10 ಡಿಗ್ರಿಯಂತೆ ತಿರುಗಿಸಿ ಜಿಫ್ ಮಾಡಲು ಕಡಿಮೆ ಎಂದರೆ ಎಷ್ಟು ಚಿತ್ರ ಬೇಕು? ಒಂದು ರೆಕ್ಕೆಗೆ ಕೆಂಪು ರಿಬ್ಬನ್ ಕಟ್ಟಿದರೆ ಎಷ್ಟು ಬೇಕು? ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.

ನಿಮ್ಮ ಮನೆಯಲ್ಲೂ ತಿರುಗೋದು, ತೂಗೋದು, ಕುಟ್ಟೋದು ಏನಾದರೂ ಇದ್ದರೆ, ರಾಟೆ, ಬೀಸೋಕಲ್ಲು, ತೊಟ್ಟಿಲು ಯಾವುದೇ ಆಗಲಿ, ಯಾರಾದರೂ ಕೊಳ್ಳೋಕೆ ಬರುವ ಮುಂಚೆ ಹೇಳಿ. ಸ್ಟೂಲು, ದಾರ, ಸೀಮೆಸುಣ್ಣ ತಗೊಂಡು ನಾವು ಮೂವರೂ ಬರ್ತೀವಿ.

— 9ನೇ ತರಗತಿ ವಿದ್ಯಾರ್ಥಿ